ಸಿಡಿಲಿಗೆ ರೌಟರ್ ಹೋಯ್ತು, ಲ್ಯಾಪ್‌ಟಾಪ್‌ನಿಂದಲೇ ಮನೆಗೆಲ್ಲ ವೈಫೈ ಕೊಡಬಹುದಾ?

ಮಳೆಹಂಚು (ಚೆರಂಬಾಣೆ)

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆಯ ಸಿಡಿಲಿಗೆ ನಮ್ಮ ವೈಫೈ ರೌಟರ್ ಹೋಗಿದೆ. ಕಂಬಕ್ಕೆ ಹೊಡೆಯಿತೋ ಸಿಲ್ವರ್ ಓಕ್‌ಗೆ ಹೊಡೆಯಿತೋ ಗೊತ್ತಿಲ್ಲ, ಮೀಟರ್ ಬೋರ್ಡ್ ಹತ್ತಿರ ಚಟ್ ಅಂತ ಶಬ್ದ ಬಂತು, ಅಷ್ಟೆ. ಫೈಬರ್‌ನ ಬಿಳಿ ಡಬ್ಬಿಯಲ್ಲಿ ಲೈಟ್ ಉರೀತಾ ಉಂಟು. ಎರಡು ಕೊಂಬಿನ ಕಪ್ಪು ರೌಟರ್‌ನಲ್ಲಿ ಜೀವ ಇಲ್ಲ. ಹೊಸದು ತರೋಣ ಅಂದ್ರೆ ಮಡಿಕೇರಿ ದಾರಿಗೆ ಮರ ಬಿದ್ದಿದೆ, ಆನ್‌ಲೈನ್‌ನಲ್ಲಿ ನಮ್ಮ ಪಿನ್‌ಕೋಡ್ ಹಾಕಿದ್ರೆ ಮುಂದಿನ ವಾರ ಅಂತ ತೋರಿಸ್ತದೆ.

ನಾನು ಮನೆಯಿಂದಲೇ ಕೆಲಸ ಮಾಡೋದು. ತಂಗಿಗೆ ಸೋಮವಾರ ಆನ್‌ಲೈನ್ ಇಂಟರ್‌ವ್ಯೂ ಉಂಟು. ಅಪ್ಪನಿಗೆ ಕರಿಮೆಣಸಿನ ರೇಟ್ ನೋಡದಿದ್ರೆ ಬೆಳಗಿನ ಕಾಫಿ ಇಳಿಯಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಉಂಟು. ಇದನ್ನೇ ರೌಟರ್ ತರ ಇಟ್ಟು ಉಳಿದ ಫೋನ್‌ಗಳಿಗೆ, ಟಿವಿಗೆ ವೈಫೈ ಕೊಡೋಕೆ ಆಗ್ತದಾ? ಒಂದು ವೀಡಿಯೊದಲ್ಲಿ ಯಾವುದೋ ಸಾಫ್ಟ್‌ವೇರ್ ಇಳಿಸಿಕೊಳ್ಳಿ ಅಂದಿದ್ದಾರೆ, ನೋಡಿ ಹೆದರಿಕೆ ಆಯ್ತು. ಗೊತ್ತಿದ್ದವರು ಹೇಳಿ.

ಬೆಟ್ಟದತುದಿ (ಗಾಳಿಬೀಡು)

ಇಷ್ಟಕ್ಕೆಲ್ಲ ಲ್ಯಾಪ್‌ಟಾಪ್ ಯಾಕೆ? ಫೋನ್‌ನಲ್ಲಿ ಹಾಟ್‌ಸ್ಪಾಟ್ ಹಾಕಿ, ಮುಗೀತು.

ಮಳೆಹಂಚು (ಚೆರಂಬಾಣೆ)

ಅಣ್ಣ, ನಮ್ಮಲ್ಲಿ ಮೊಬೈಲ್ ಸಿಗ್ನಲ್ ಸಿಗೋದು ಕಾಫಿ ಕಣದ ಆ ಮೂಲೆಯಲ್ಲಿ ಮಾತ್ರ. ಮನೆ ಒಳಗೆ ಬಂದ್ರೆ ಎಮರ್ಜೆನ್ಸಿ ಕಾಲ್ ಅಂತ ಬರ್ತದೆ. ತಂಗಿ ಕೊಡೆ ಹಿಡ್ಕೊಂಡು ಕಣದಲ್ಲಿ ನಿಂತು ಇಂಟರ್‌ವ್ಯೂ ಕೊಡೋಕೆ ಆಗಲ್ಲ.

ಕುಶಾಲನಗರ ಕೇಬಲ್

ತಮ್ಮಾ, ಲ್ಯಾಪ್‌ಟಾಪ್ ವಿಷಯ ಆಮೇಲೆ. ಮೊದಲು ಏನು ಸತ್ತಿದೆ, ಏನು ಬದುಕಿದೆ ನೋಡು. ಇದೇ ಕೆಲಸದಲ್ಲಿ ಇರೋನು ನಾನು. ಮಳೆಗಾಲ ಶುರುವಾದ್ರೆ ಬರೋ ಫೋನೆಲ್ಲ ಇದೇ.

ಬಿಳಿ ಡಬ್ಬಿ ಅಂದ್ಯಲ್ಲ, ಅದು ಒಎನ್‌ಟಿ. ಗಾಜಿನ ಎಳೆಯಲ್ಲಿ ಬರೋ ಬೆಳಕನ್ನ ಲ್ಯಾನ್ ಕೇಬಲ್‌ಗೆ ಆಗೋ ಹಾಗೆ ಬದಲಾಯಿಸಿ ಕೊಡೋದು ಅದೇ. ಅದು ಹೋಗಿದ್ರೆ ಲ್ಯಾಪ್‌ಟಾಪ್ ಎಷ್ಟೇ ಒಳ್ಳೇದಿದ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ಫೈಬರನ್ನ ನೇರ ಲ್ಯಾಪ್‌ಟಾಪ್‌ಗೆ ಚುಚ್ಚೋಕಾಗಲ್ಲ. ಅದರ ಮುಖದ ಮೇಲಿನ ಲೈಟ್ ಓದಿ ಹೇಳು. ಪಿಒಎನ್ ಅಂತ ಬರೆದಿರೋದು ಹಸಿರಾಗಿ ನಿಂತಿದ್ಯಾ, ಮಿಟುಕ್ತಿದ್ಯಾ? ಎಲ್‌ಒಎಸ್ ಅನ್ನೋದು ಕೆಂಪಗಿದ್ಯಾ? ಕೆಂಪು ಇದ್ರೆ ಲೈನ್‌ನಲ್ಲೇ ಬೆಳಕು ಬರ್ತಿಲ್ಲ ಅಂತ ಅರ್ಥ. ಎಲ್ಲೋ ಮರ ಬಿದ್ದು ತಂತಿ ಕಿತ್ತಿರುತ್ತೆ. ಅದಕ್ಕೆ ಕಂಪನಿಯೋರೇ ಬರಬೇಕು.

ಮಳೆಹಂಚು (ಚೆರಂಬಾಣೆ)

ಪಿಒಎನ್ ಹಸಿರು, ಮಿಟುಕೋದಿಲ್ಲ. ಎಲ್‌ಒಎಸ್ ಆಫ್ ಉಂಟು. ಈ ಡಬ್ಬಿಯಲ್ಲಿ ವೈಫೈ ಇಲ್ಲ, ಹಳೇದು, ಒಂದೇ ಒಂದು ಲ್ಯಾನ್ ತೂತು. ಅದರಿಂದ ಕಪ್ಪು ರೌಟರ್‌ಗೆ ಕೇಬಲ್ ಹೋಗ್ತಿತ್ತು.

ಕುಶಾಲನಗರ ಕೇಬಲ್

ಹಾಗಿದ್ರೆ ಅದೃಷ್ಟವಂತ. ರೌಟರ್ ಬಿಸಾಕೋ ಮುಂಚೆ ಅದರ ಅಡಾಪ್ಟರ್ ನೋಡು. ಸಿಡಿಲಿಗೆ ಮೊದಲು ಸಾಯೋದು ಎಷ್ಟೋ ಸಲ ಅಡಾಪ್ಟರ್ ಮಾತ್ರ, ಜನ ಸುಮ್ಮನೆ ಹೊಸ ರೌಟರ್ ತರ್ತಾರೆ. ಅದರ ಮೇಲೆ ಬರೆದಿರೋ ವೋಲ್ಟ್ ಓದು. 12 ವೋಲ್ಟ್ ಇದ್ರೆ 12 ವೋಲ್ಟ್‌ದೇ ಹಾಕಬೇಕು, 9 ಇದ್ರೆ 9ರದೇ. ಆಂಪ್ ಮಾತ್ರ ಅಷ್ಟೇ ಇರಲಿ ಇಲ್ಲಾ ಜಾಸ್ತಿ ಇರಲಿ, ಕಡಿಮೆ ಬೇಡ. ಪಿನ್‌ನ ಪ್ಲಸ್ ಮೈನಸ್ ಚಿತ್ರನೂ ಎರಡರಲ್ಲೂ ಒಂದೇ ಇದ್ಯಾ ನೋಡ್ಕೋ. ಸೆಟ್‌ಟಾಪ್ ಬಾಕ್ಸ್‌ದು ಹೊಂದಿದ್ರೂ ಹೊಂದಬಹುದು.

ಮಳೆಹಂಚು (ಚೆರಂಬಾಣೆ)

ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್ 12 ವೋಲ್ಟ್, 1.5 ಆಂಪ್. ಎಲ್ಲ ಹೊಂದ್ತು, ಹಾಕಿದೆ. ರೌಟರ್ ಏಳಲೇ ಇಲ್ಲ, ಸುಟ್ಟ ವಾಸನೆ ಬರ್ತಾ ಉಂಟು. ಈಗ ಲ್ಯಾಪ್‌ಟಾಪ್ ದಾರಿ ಹೇಳಿ ಅಣ್ಣ. ಇನ್ನೊಂದು ತೊಂದರೆ, ನನ್ನದು ತೆಳು ಲ್ಯಾಪ್‌ಟಾಪ್, ಲ್ಯಾನ್ ತೂತೇ ಇಲ್ಲ.

ಹಳೇ ಪೆಂಟಿಯಂ (ವಿರಾಜಪೇಟೆ)

ನಾನು ಸ್ವಲ್ಪ ಉದ್ದ ಬರೀತೇನೆ, ನಿವೃತ್ತನಿಗೆ ಬೇರೆ ಕೆಲಸ ಇಲ್ಲ.

ಮೊದಲು ಆ ಸಾಫ್ಟ್‌ವೇರ್ ವಿಷಯ. ಬೇಡ. ಅಂಥವು ಚಾಲ್ತಿಗೆ ಬಂದದ್ದಕ್ಕೆ ಒಂದು ಕಾಲದಲ್ಲಿ ಕಾರಣ ಇತ್ತು. ಒಂದು ಕಂಪ್ಯೂಟರ್‌ನ ಇಂಟರ್‌ನೆಟ್ಟನ್ನು ಇನ್ನೊಂದಕ್ಕೆ ಹಂಚುವ ವ್ಯವಸ್ಥೆ ವಿಂಡೋಸ್‌ಗೆ ಬಂದದ್ದು 1999ರಲ್ಲಿ, ವಿಂಡೋಸ್ 98ರ ಎರಡನೇ ಆವೃತ್ತಿಯಲ್ಲಿ. ಆಗ ಅದು ತಂತಿಯಲ್ಲಿ. ಎಕ್ಸ್‌ಪಿ ಕಾಲದಲ್ಲಿ ಅಡ್‌ಹಾಕ್ ಅಂತ ಒಂದು ಬಗೆಯ ವೈಫೈ ಹಂಚಿಕೆ ಇತ್ತು, ಆದರೆ ಆಮೇಲೆ ಬಂದ ಆಂಡ್ರಾಯ್ಡ್ ಫೋನ್‌ಗಳಿಗೆ ಅದು ಕಾಣುತ್ತಲೇ ಇರಲಿಲ್ಲ. 2009ರಲ್ಲಿ ವಿಂಡೋಸ್ 7 ಬಂದಾಗ ಲ್ಯಾಪ್‌ಟಾಪ್‌ನ ವೈಫೈ ಕಾರ್ಡನ್ನೇ ಪಕ್ಕಾ ಆಕ್ಸೆಸ್ ಪಾಯಿಂಟ್ ತರ, ಅಂದರೆ ಬೇರೆ ಸಾಧನಗಳು ಬಂದು ಸೇರುವ ವೈಫೈ ಕೇಂದ್ರದ ತರ, ನಡೆಸುವ ದಾರಿ ತೆರೆಯಿತು. ಆದರೆ ಅದಕ್ಕೆ ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಬೇಕಿತ್ತು. ಆ ಕಮಾಂಡನ್ನೇ ಒಂದು ಗುಂಡಿಯ ಹಿಂದೆ ಇಟ್ಟು, ಜಾಹೀರಾತು ಸೇರಿಸಿ ಹಂಚಿದ್ದು ಆ ಸಾಫ್ಟ್‌ವೇರ್‌ಗಳು. 2016ರಲ್ಲಿ ವಿಂಡೋಸ್ 10ರ ಆ್ಯನಿವರ್ಸರಿ ಅಪ್‌ಡೇಟ್ ಬಂದ ಮೇಲೆ ಆ ಗುಂಡಿ ಸೆಟ್ಟಿಂಗ್ಸ್‌ನಲ್ಲೇ ಇದೆ. ಹಳೇ ವೀಡಿಯೊಗಳ ಕಮಾಂಡ್ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಡೆಯುವುದೇ ಕಷ್ಟ, ಹೊಸ ಡ್ರೈವರ್‌ಗಳು ಆ ಹಳೇ ವಿಧಾನವನ್ನು ಕೈಬಿಟ್ಟಿವೆ. ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

ಈಗ ನಿಮ್ಮ ಮನೆ. ಇಂಟರ್‌ನೆಟ್ ಒಂದು ಬಾಗಿಲಿಂದ ಒಳಗೆ ಬರಬೇಕು, ಇನ್ನೊಂದರಿಂದ ಹೊರಗೆ ಹೋಗಬೇಕು. ಒಳಗೆ ಬರುವುದು ಲ್ಯಾನ್ ಕೇಬಲ್‌ನಲ್ಲಿ, ಹೊರಗೆ ಹೋಗುವುದು ವೈಫೈನಲ್ಲಿ. ಲ್ಯಾನ್ ತೂತು ಇಲ್ಲದ್ದಕ್ಕೆ ಯುಎಸ್‌ಬಿಯಿಂದ ಲ್ಯಾನ್‌ಗೆ ಹೋಗುವ ಚಿಕ್ಕ ಅಡಾಪ್ಟರ್ ಬೇಕು. ಮೂರ್ನಾಡಿನಲ್ಲೋ ನಾಪೋಕ್ಲಿನಲ್ಲೋ ಕಂಪ್ಯೂಟರ್ ರಿಪೇರಿ ಮಾಡುವವರ ಹತ್ತಿರ ಒಂದಾದರೂ ಇದ್ದೇ ಇರ್ತದೆ, ಕೇಳಿ ನೋಡಿ. ಅದು ಸಿಕ್ಕಿದ ಮೇಲೆ:

ಒಎನ್‌ಟಿಯಿಂದ ಕೇಬಲ್ ತಂದು ಲ್ಯಾಪ್‌ಟಾಪ್‌ಗೆ ಹಾಕಿ. ಮೊದಲು ಲ್ಯಾಪ್‌ಟಾಪ್‌ನಲ್ಲೇ ಇಂಟರ್‌ನೆಟ್ ಬರುತ್ತದಾ ನೋಡಿ. ಬರದೇ ಹಂಚಲು ಹೋಗಬೇಡಿ, ವಿಂಡೋಸ್ ಹಂಚುವ ಗುಂಡಿಯನ್ನೇ ಒತ್ತಲು ಬಿಡುವುದಿಲ್ಲ. ಬಂದರೆ ಸೆಟ್ಟಿಂಗ್ಸ್, ಅದರಲ್ಲಿ ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ಅದರಲ್ಲಿ ಮೊಬೈಲ್ ಹಾಟ್‌ಸ್ಪಾಟ್. ಯಾವುದನ್ನು ಹಂಚಬೇಕು ಅನ್ನುವಲ್ಲಿ ಈಥರ್ನೆಟ್ ಆರಿಸಿ, ಯಾವುದರ ಮೂಲಕ ಅನ್ನುವಲ್ಲಿ ವೈಫೈ. ಎಡಿಟ್ ಒತ್ತಿ ಹೆಸರು, ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಕನಿಷ್ಠ 8 ಅಕ್ಷರ ಇರಬೇಕು. ಒಂದು ಉಪಾಯ: ಸತ್ತ ರೌಟರ್‌ಗೆ ಇದ್ದ ಹೆಸರು, ಪಾಸ್‌ವರ್ಡನ್ನೇ ಇಲ್ಲಿಯೂ ಕೊಡಿ. ಆಗ ಮನೆಯ ಫೋನ್, ಟಿವಿ ಎಲ್ಲ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ, ಅಪ್ಪನ ಫೋನ್ ಹಿಡಿದು ಕೂರಬೇಕಾಗಿಲ್ಲ. ಲ್ಯಾಪ್‌ಟಾಪ್‌ನ ವೈಫೈ ಯಾವ ನೆಟ್‌ವರ್ಕ್‌ಗೂ ಸೇರಿರಬೇಕಾಗಿಲ್ಲ, ಆದರೆ ಆನ್ ಇರಬೇಕು.

8 ಸಾಧನಗಳ ಮಿತಿ ಇದೆ. ನಿಮ್ಮ ಮನೆಗೆ ಸಾಕು ಅಂದುಕೊಳ್ಳುತ್ತೇನೆ.

ಮಳೆಹಂಚು (ಚೆರಂಬಾಣೆ)

ಸಾರ್, ತುಂಬ ಥ್ಯಾಂಕ್ಸ್. ಲ್ಯಾನ್ ಅಡಾಪ್ಟರ್ ದೊಡ್ಡಪ್ಪನ ಮಗನ ಹತ್ತಿರ ಉಂಟಂತೆ, ಸಂಜೆ ತಂದು ಕೊಡ್ತಾನೆ.

ಸೀಮೆಎಣ್ಣೆ ಲ್ಯಾಂಪು (ಸೋಮವಾರಪೇಟೆ)

ಹೇಳೋರು ಹೇಳ್ತಾರೆ, ಲ್ಯಾಪ್‌ಟಾಪ್ ಸುಟ್ಟೋದ್ರೆ ಕೊಡ್ಸೋರು ಯಾರು? ಹತ್ತಿಪ್ಪತ್ತು ಗಂಟೆ ಅದನ್ನ ಆನ್ ಇಟ್ಟು ಊರಿಗೆಲ್ಲ ವೈಫೈ ಹಂಚೋಕೆ ಅದೇನು ಸರ್ಕಾರಿ ಟವರ್ರಾ? ಸಾವಿರ ಚಿಲ್ರೆಗೆ ರೌಟರ್ ಬರ್ತದೆ. ಎರಡು ದಿನ ಇಂಟರ್‌ನೆಟ್ ಇಲ್ದೆ ಇರಿ ಕಣ್ರಪ್ಪ.

ಹಳೇ ಪೆಂಟಿಯಂ (ವಿರಾಜಪೇಟೆ)

ಇಂಟರ್‌ವ್ಯೂ ಇರುವ ಹುಡುಗಿಗೆ ಈ ಮಾತು ಹೇಳಿ ನೋಡಿ ಲ್ಯಾಂಪು ಅವರೇ. ಸುಡುವುದಿಲ್ಲ. ನಾಲ್ಕು ಫೋನಿಗೆ ಇಂಟರ್‌ನೆಟ್ ದಾಟಿಸುವುದು ಲ್ಯಾಪ್‌ಟಾಪ್‌ನ ಪ್ರೊಸೆಸರ್‌ಗೆ ಕೆಲಸವೇ ಅಲ್ಲ. ಹಾಸಿಗೆ ಮೇಲೆ, ಕಂಬಳಿ ಮೇಲೆ ಇಡದೆ ಮೇಜಿನ ಮೇಲಿಟ್ಟರೆ ಆಯ್ತು. ಸದಾ ಚಾರ್ಜರ್‌ಗೆ ಸಿಕ್ಕಿಸಿ ಇಡುವುದರಿಂದ ಬ್ಯಾಟರಿ ನಿಧಾನಕ್ಕೆ ಸವೆಯುವುದು ನಿಜ. ತಯಾರಕರ ಆ್ಯಪ್‌ನಲ್ಲಿ 80 ಪರ್ಸೆಂಟ್‌ಗೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದ್ದರೆ ಹಾಕಿಕೊಳ್ಳಲಿ. ಇನ್ನು ನಮ್ಮ ಊರಿನ ಮಳೆಗಾಲದಲ್ಲಿ ಬೀರುವಿನೊಳಗಿನ ಬೆಲ್ಟಿಗೆ, ಚಪ್ಪಲಿಗೆ, ಕ್ಯಾಮೆರಾ ಲೆನ್ಸಿಗೆಲ್ಲ ಬೂಷ್ಟು ಬರುತ್ತದೆ. ಬೆಚ್ಚಗೆ ನಡೆಯುತ್ತಿರುವ ಲ್ಯಾಪ್‌ಟಾಪ್ ಮುಚ್ಚಿಟ್ಟದ್ದಕ್ಕಿಂತ ಚೆನ್ನಾಗಿಯೇ ಇರುತ್ತದೆ.

ರೌಟರ್ ಕೊಳ್ಳಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಇದು ಅದು ಬರುವ ತನಕದ ಮಾತು.

ಹೋಂಸ್ಟೇ ಅಕ್ಕ (ಕಕ್ಕಬ್ಬೆ)

ಒಳ್ಳೆ ಸಮಯಕ್ಕೆ ಈ ಚರ್ಚೆ ಬಂತು. ನಮ್ಮಲ್ಲಿ ರೌಟರ್ ಇರೋದು ಆಫೀಸ್ ರೂಮಿನಲ್ಲಿ. ಕೆಳಗಿನ ಎರಡು ಕಾಟೇಜಿಗೆ ಸಿಗ್ನಲ್ ಮುಟ್ಟೋದಿಲ್ಲ. ಮಧ್ಯದ ಊಟದ ಹಾಲ್‌ನಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇಟ್ಟು, ಅದು ವೈಫೈ ತಗೊಂಡು ಮುಂದಕ್ಕೆ ವೈಫೈಯಲ್ಲೇ ಕೊಡೋ ಹಾಗೆ ಮಾಡಬಹುದಾ? ಕೇಬಲ್ ಎಳೆಯೋಕೆ ಆಗಲ್ಲ, ಮಧ್ಯೆ ಏಲಕ್ಕಿ ತೋಟ ಉಂಟು.

ಪೆಂಗ್ವಿನ್ (ಪೊನ್ನಂಪೇಟೆ)

ಅಕ್ಕ, ಆಗ್ತದೆ. ಮೊಬೈಲ್ ಹಾಟ್‌ಸ್ಪಾಟ್ ಪುಟದಲ್ಲಿ ಹಂಚುವುದಕ್ಕೂ ವೈಫೈ, ಕೊಡುವುದಕ್ಕೂ ವೈಫೈ ಅಂತ ಆರಿಸಿದ್ರೆ ಹೆಚ್ಚಿನ ಹೊಸ ಕಾರ್ಡ್‌ಗಳು ಒಪ್ತವೆ. ಆದ್ರೆ ವೇಗ ಅರ್ಧಕ್ಕೆ ಇಳೀತದೆ. ಲ್ಯಾಪ್‌ಟಾಪ್‌ನಲ್ಲಿ ರೇಡಿಯೊ ಸಾಮಾನ್ಯವಾಗಿ ಒಂದೇ. ಆಫೀಸ್ ರೌಟರ್ ಜೊತೆ ಮಾತಾಡುವಾಗ ಕಾಟೇಜಿನ ಫೋನ್ ಕಾಯಬೇಕು, ಫೋನ್ ಜೊತೆ ಮಾತಾಡುವಾಗ ರೌಟರ್ ಕಾಯಬೇಕು. ತೋಟದ ಕಿರಿದಾದ ದಾರಿಯಲ್ಲಿ ಎದುರು ಜೀಪ್ ಬಂದ್ರೆ ಒಂದು ರಿವರ್ಸ್ ಹೋಗಬೇಕಲ್ಲ, ಹಾಗೆ.

ಹಳೇ ಲ್ಯಾಪ್‌ಟಾಪ್ ಅಂದ್ರಿ. ಅದಕ್ಕೆ ಒಂದು ಯುಎಸ್‌ಬಿ ವೈಫೈ ಡಾಂಗಲ್ ಹಾಕಿದ್ರೆ ರೇಡಿಯೊ ಎರಡಾಯ್ತು. ಒಂದರಲ್ಲಿ ತಗೊಳ್ಳೋದು, ಇನ್ನೊಂದರಲ್ಲಿ ಕೊಡೋದು. ಆದ್ರೆ ಇಷ್ಟು ಮಾಡೋ ಖರ್ಚಿಗೆ ಒಂದು ರೇಂಜ್ ಎಕ್ಸ್‌ಟೆಂಡರ್ ಬರ್ತದೆ, ವರ್ಷಪೂರ್ತಿ ಬೇಕಾದ ಕೆಲಸಕ್ಕೆ ಅದೇ ಸರಿ.

ಕುಶಾಲನಗರ ಕೇಬಲ್

ಕಾಟೇಜಿಗೆ ಅಂದ್ರೆ ಎಕ್ಸ್‌ಟೆಂಡರೂ ಬೇಡ ಅಕ್ಕ. ಹೊರಗೆ ಗೋಡೆಗೆ ಹಾಕೋ ಔಟ್‌ಡೋರ್ ವೈಫೈ ಡಬ್ಬಿಗಳು ಜೋಡಿಯಾಗಿ ಸಿಗ್ತವೆ. ಒಂದು ಆಫೀಸ್ ಮೇಲೆ, ಇನ್ನೊಂದು ಕಾಟೇಜ್ ಮೇಲೆ, ಎದುರುಬದುರು ಕಾಣೋ ಹಾಗೆ. ಮಧ್ಯೆ ಮರದ ಕೊಂಬೆ ಬರಬಾರದು. ಲ್ಯಾನ್ ಕೇಬಲ್‌ಗೆ 100 ಮೀಟರ್ ಮಿತಿ ಇದೆ, ಇದಕ್ಕೆ ಆ ಚಿಂತೆ ಇಲ್ಲ. ಮುಖ್ಯ ಅಂದ್ರೆ ಎರಡು ಕಟ್ಟಡದ ಮಧ್ಯೆ ತಾಮ್ರದ ತಂತಿ ಇರಲ್ಲ. ಏಪ್ರಿಲ್, ಮೇನಲ್ಲಿ ಸಿಡಿಲು ಬಂದಾಗ ಒಂದು ಕಡೆ ಬಿದ್ದದ್ದು ಇನ್ನೊಂದು ಕಡೆಗೆ ತಂತಿ ಹಿಡ್ಕೊಂಡು ಹೋಗಲ್ಲ.

ಹೋಂಸ್ಟೇ ಅಕ್ಕ (ಕಕ್ಕಬ್ಬೆ)

ಇದು ಹಿಡಿಸಿತು. ಗೆಸ್ಟ್‌ಗಳಿಗೆ ಪಾಸ್‌ವರ್ಡ್ ಇಲ್ಲದೆ ಓಪನ್ ಇಟ್ರೆ ಸುಲಭ ಅಲ್ವಾ? ದಿನಾ ಹೇಳಿ ಹೇಳಿ ಸಾಕಾಗ್ತದೆ.

ಪೆಂಗ್ವಿನ್ (ಪೊನ್ನಂಪೇಟೆ)

ಬೇಡವೇ ಬೇಡ ಅಕ್ಕ. ಕನೆಕ್ಷನ್ ನಿಮ್ಮ ಹೆಸರಿನಲ್ಲಿ ಉಂಟು. ಅದರಲ್ಲಿ ಯಾರೋ ಏನೋ ಮಾಡಿದ್ರೆ ಮೊದಲು ಫೋನ್ ಬರೋದು ನಿಮಗೆ. ಕ್ಯೂಆರ್ ಕೋಡ್ ಪ್ರಿಂಟ್ ತೆಗೆದು ಕಾಟೇಜ್ ಬಾಗಿಲ ಹಿಂದೆ ಅಂಟಿಸಿ, ಸ್ಕ್ಯಾನ್ ಮಾಡಿದ್ರೆ ಸೇರ್ತಾರೆ, ಬಾಯಲ್ಲಿ ಹೇಳೋ ಕೆಲಸ ಇಲ್ಲ. ಲೆಕ್ಕ ಬರೆಯುವ ಲ್ಯಾಪ್‌ಟಾಪ್‌ನಿಂದ ಮಾತ್ರ ಗೆಸ್ಟ್‌ಗಳಿಗೆ ಹಂಚಬೇಡಿ. ಹಾಟ್‌ಸ್ಪಾಟ್‌ಗೆ ಸೇರಿದವರು ಆ ಲ್ಯಾಪ್‌ಟಾಪ್‌ನ ನೆಟ್‌ವರ್ಕ್‌ನಲ್ಲೇ ಇರ್ತಾರೆ, ಫೈಲ್ ಶೇರಿಂಗ್ ತೆರೆದಿಟ್ಟಿದ್ರೆ ಫೋಲ್ಡರ್‌ಗಳು ಅವರಿಗೂ ಕಾಣಬಹುದು.

ಮಳೆಹಂಚು (ಚೆರಂಬಾಣೆ)

ಅಡಾಪ್ಟರ್ ಬಂತು. ಕೇಬಲ್ ಹಾಕಿದೆ. ಆದ್ರೆ ಲ್ಯಾಪ್‌ಟಾಪ್‌ಗೇ ಇಂಟರ್‌ನೆಟ್ ಬರ್ತಾ ಇಲ್ಲ. ನೋ ಇಂಟರ್‌ನೆಟ್ ಅಂತ ತೋರಿಸ್ತದೆ. ಐಪಿ ವಿಳಾಸ ನೋಡಿದೆ, 169.254 ಅಂತ ಶುರು ಆಗ್ತದೆ. ಹಾಟ್‌ಸ್ಪಾಟ್ ಗುಂಡಿ ಒತ್ತಿದ್ರೆ ನಿಮ್ಮ ಪಿಸಿಗೆ ಈಥರ್ನೆಟ್, ವೈಫೈ, ಸೆಲ್ಯುಲಾರ್ ಯಾವುದೂ ಇಲ್ಲ ಅಂತ ಬೈತದೆ.

ಸೀಮೆಎಣ್ಣೆ ಲ್ಯಾಂಪು (ಸೋಮವಾರಪೇಟೆ)

ನಾನು ಹೇಳಿದ್ನಲ್ಲ.

ಕುಶಾಲನಗರ ಕೇಬಲ್

169.254 ಅಂದ್ರೆ ಲ್ಯಾಪ್‌ಟಾಪ್ ವಿಳಾಸ ಕೊಡಿ ಅಂತ ಕೇಳಿದೆ, ಆ ಕಡೆಯಿಂದ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೇ ತಾನೇ ಒಂದು ಇಟ್ಟುಕೊಂಡಿದೆ. ಎರಡು ಕಾರಣ ಇರಬಹುದು.

ಒಂದು, ನಿನ್ನ ಒಎನ್‌ಟಿ ಬ್ರಿಡ್ಜ್ ಮೋಡ್‌ನಲ್ಲಿದೆ, ಅಂದ್ರೆ ಸಿಗ್ನಲ್ ದಾಟಿಸೋದು ಮಾತ್ರ, ತಾನು ಲಾಗಿನ್ ಆಗಲ್ಲ. ಹಾಗಿದ್ರೆ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಲಾಗಿನ್ ಆಗ್ತಿದ್ದದ್ದು ಸತ್ತ ರೌಟರ್. ಪಿಪಿಪಿಒಇ ಅಂತಾರೆ. ಈಗ ಆ ಕೆಲಸ ಮಾಡೋರು ಯಾರೂ ಇಲ್ಲ. ಇನ್ನೊಂದು, ಕೆಲವು ಕಂಪನಿಯೋರು ನಿನ್ನ ರೌಟರ್‌ನ ಮ್ಯಾಕ್ ವಿಳಾಸ, ಅಂದ್ರೆ ಆ ಯಂತ್ರದ ಗುರುತಿನ ಸಂಖ್ಯೆ, ಬರೆದಿಟ್ಕೊಂಡಿರ್ತಾರೆ, ಬೇರೆ ಸಾಧನ ಬಂದ್ರೆ ಒಳಗೆ ಬಿಡಲ್ಲ.

ಮೊದಲನೇದಾದ್ರೆ ಲ್ಯಾಪ್‌ಟಾಪ್‌ನಿಂದಲೇ ಡಯಲ್ ಮಾಡಬಹುದು. ಸೆಟ್ಟಿಂಗ್ಸ್‌ನ ಡಯಲ್‌ಅಪ್ ಅನ್ನೋದರಲ್ಲಿ ಬ್ರಾಡ್‌ಬ್ಯಾಂಡ್ ಕನೆಕ್ಷನ್ ಹೊಸದಾಗಿ ಮಾಡಿ. ಲ್ಯಾಪ್‌ಟಾಪ್‌ಗೆ ಇಂಟರ್‌ನೆಟ್ ಬರುತ್ತೆ, ಆದ್ರೆ ಹೀಗೆ ಡಯಲ್ ಮಾಡಿದ್ದನ್ನ ಮೊಬೈಲ್ ಹಾಟ್‌ಸ್ಪಾಟ್ ಪುಟ ಹಂಚೋಕೆ ಒಪ್ಪದೇ ಸತಾಯಿಸುತ್ತೆ. ಅದಕ್ಕೆ ಸುಲಭದ ದಾರಿ ಹೇಳ್ತೀನಿ. ಕಣಕ್ಕೆ ಹೋಗಿ ಕಂಪನಿಗೆ ಫೋನ್ ಮಾಡು. ‘ಒಎನ್‌ಟಿಯನ್ನ ರೌಟರ್ ಮೋಡ್‌ಗೆ ಹಾಕಿ, ಅದೇ ಲಾಗಿನ್ ಆಗಲಿ, ಹಳೇ ಮ್ಯಾಕ್ ಬೈಂಡಿಂಗ್ ಇದ್ರೆ ತೆಗೀರಿ’ ಅಂತ ಹೇಳು. ಇದೇ ಮಾತಲ್ಲಿ ಹೇಳು. ‘ನೆಟ್ ಬರ್ತಿಲ್ಲ’ ಅಂದ್ರೆ ಆಫ್ ಮಾಡಿ ಆನ್ ಮಾಡಿ ಅಂತಾರೆ. ಆಫೀಸಿನಲ್ಲಿ ಕೂತೇ ಬದಲಾಯಿಸೋಕಾಗುತ್ತೆ, ಮನೆಗೆ ಯಾರೂ ಬರಬೇಕಿಲ್ಲ.

ಮಳೆಹಂಚು (ಚೆರಂಬಾಣೆ)

ಮೊದಲು ಆಫ್ ಮಾಡಿ ಆನ್ ಮಾಡಿ ಅಂದ್ರು. ನೀವು ಬರೆದದ್ದನ್ನೇ ಓದಿ ಹೇಳಿದೆ. ಬೇರೆಯವರಿಗೆ ಲೈನ್ ಕೊಟ್ರು, ಅವರು ಬ್ರಿಡ್ಜ್ ಮೋಡ್ ಅಂತಲೇ ಹೇಳಿ ಬದಲಾಯಿಸಿದ್ರು. ಈಗ ಲ್ಯಾಪ್‌ಟಾಪ್‌ಗೆ ಇಂಟರ್‌ನೆಟ್ ಬಂತು, ಹಾಟ್‌ಸ್ಪಾಟ್ ಆನ್ ಆಯ್ತು, ಹಳೇ ಹೆಸರು ಕೊಟ್ಟ ಕೂಡಲೇ ಮೂರು ಫೋನ್ ಸೇರಿದ್ವು!

ಟಿವಿಗೆ ಮಾತ್ರ ಹೆಸರೇ ಕಾಣೋದಿಲ್ಲ. ಮತ್ತೆ ಲ್ಯಾಪ್‌ಟಾಪ್ ಮುಚ್ಚಿದ್ರೆ ಎಲ್ಲ ಹೋಗ್ತದೆ.

ಹಳೇ ಪೆಂಟಿಯಂ (ವಿರಾಜಪೇಟೆ)

ಟಿವಿಗೆ: ಹಾಟ್‌ಸ್ಪಾಟ್‌ನ ಎಡಿಟ್‌ನಲ್ಲಿ ಬ್ಯಾಂಡ್ ಅಂತ ಇದೆ. 2.4 ಗಿಗಾಹರ್ಟ್ಸ್‌ಗೆ ಹಾಕಿ. ಹಳೇ ಟಿವಿ, ಹಳೇ ಪ್ರಿಂಟರ್‌ಗಳಿಗೆ 5 ಗಿಗಾಹರ್ಟ್ಸ್ ಕಾಣುವುದಿಲ್ಲ. ನಿಮ್ಮ ಮನೆ ಹಳೇ ಮಣ್ಣಿನ ಗೋಡೆಯದ್ದಾದರೆ ಹೇಗೂ 2.4 ಒಳ್ಳೇದು, ದಪ್ಪ ಗೋಡೆ ದಾಟುವುದರಲ್ಲಿ ಅದು ಮುಂದೆ.

ಮುಚ್ಚಳಕ್ಕೆ: ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದರೆ ಏನಾಗಬೇಕು ಅನ್ನುವುದಿದೆ, ಚಾರ್ಜರ್ ಇದ್ದಾಗ ಏನೂ ಬೇಡ ಅಂತ ಆರಿಸಿ. ನಿದ್ದೆಗೆ ಹೋಗುವ ಸಮಯವನ್ನೂ ನೆವರ್ ಮಾಡಿ. ಹಾಟ್‌ಸ್ಪಾಟ್ ಪುಟದ ಕೆಳಗೆ, ಯಾರೂ ಸೇರದಿದ್ದರೆ ತಾನೇ ಆಫ್ ಆಗುವ ಪವರ್ ಸೇವಿಂಗ್ ಗುಂಡಿ ಇದೆ, ಅದನ್ನೂ ಆಫ್ ಮಾಡಿ. ಇಲ್ಲದಿದ್ದರೆ ರಾತ್ರಿ ಎಲ್ಲರ ಫೋನ್ ಮಲಗಿದಾಗ ಇದೂ ಮಲಗಿ, ಬೆಳಿಗ್ಗೆ ನಿಮ್ಮ ತಂದೆಯವರು ನಿಮ್ಮನ್ನು ಎಬ್ಬಿಸುತ್ತಾರೆ.

ಆದರೂ ಸಾಧ್ಯವಾದರೆ ಮುಚ್ಚಳ ತೆರೆದೇ ಇಡಿ, ಪರದೆ ಮಾತ್ರ ಆಫ್ ಆಗಲಿ. ಬಹಳ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಆಂಟೆನಾ ಇರುವುದು ಪರದೆಯ ಅಂಚಿನ ಒಳಗೆ. ಎದ್ದು ನಿಂತಿದ್ದರೆ ದೂರ ಮುಟ್ಟುತ್ತದೆ.

ಬೆಟ್ಟದತುದಿ (ಗಾಳಿಬೀಡು)

ಮಳೆ ಬಂದ್ರೆ ವೈಫೈ ಕಡಿಮೆ ಆಗ್ತದೆ, ಅದಕ್ಕೆ ಏನು ಮಾಡೋದು? ನಮ್ಮಲ್ಲಿ ಜುಲೈ ಪೂರ್ತಿ ಹಾಗೇ.

ಪೆಂಗ್ವಿನ್ (ಪೊನ್ನಂಪೇಟೆ)

ಮನೆ ಒಳಗಿನ ವೈಫೈಗೆ ಮಳೆ ಲೆಕ್ಕಕ್ಕಿಲ್ಲ ಅಣ್ಣ. ಮಳೆಹನಿ ಅಲೆಯನ್ನು ಗಣನೀಯವಾಗಿ ನುಂಗೋದು 10 ಗಿಗಾಹರ್ಟ್ಸ್ ದಾಟಿದ ಮೇಲೆ. ಡಿಶ್ ಟಿವಿ ಜೋರು ಮಳೆಗೆ ಹೋಗೋದು ಅದಕ್ಕೇ. 2.4ರಲ್ಲಿ, ಅದೂ ಒಂದು ಅಂಗಳದ ದೂರಕ್ಕೆ, ಮಳೆಯಿಂದ ಏನೂ ಆಗಲ್ಲ. ಒದ್ದೆ ಎಲೆ ಬೇರೆ ವಿಷಯ. ಮಧ್ಯೆ ಕಾಫಿ ಗಿಡ, ಮೆಣಸಿನ ಬಳ್ಳಿ ಹಬ್ಬಿದ ಮರ ಇದ್ರೆ ಎಲೆಗಳ ಮೇಲಿನ ನೀರು ಸಿಗ್ನಲ್ ತಿಂತದೆ. ಗೋಡೆ ನೆನೆದ್ರೂ ಅಷ್ಟೆ.

ಆದ್ರೆ ನಿಮ್ಮಲ್ಲಿ ಜುಲೈಯಲ್ಲಿ ಕಡಿಮೆ ಆಗೋದು ವೈಫೈ ಅಲ್ಲ ಅಂತ ನನ್ನ ಅನುಮಾನ. ಟವರ್‌ಗೆ ಕರೆಂಟ್ ಇರಲ್ಲ, ಲೈನ್ ಕಿತ್ತಿರ್ತದೆ. ಫೋನ್‌ನಲ್ಲಿ ವೈಫೈ ಕಡ್ಡಿ ಪೂರ್ತಿ ಇದ್ದೂ ಪುಟ ತೆರೆಯದಿದ್ರೆ ತಪ್ಪು ಹೊರಗಿನದು.

ಸೀಮೆಎಣ್ಣೆ ಲ್ಯಾಂಪು (ಸೋಮವಾರಪೇಟೆ)

ಕರೆಂಟ್ ಹೋದ್ರೆ? ಅದನ್ನ ಹೇಳಿ ಈಗ. ನಮ್ಮ ಕಡೆ ಹೋದ್ರೆ ಮೂರು ದಿನ.

ಕುಶಾಲನಗರ ಕೇಬಲ್

ಒಳ್ಳೆ ಪ್ರಶ್ನೆ ಲ್ಯಾಂಪಣ್ಣ, ಈ ಸಲ. ಲ್ಯಾಪ್‌ಟಾಪ್‌ಗೆ ತನ್ನದೇ ಬ್ಯಾಟರಿ ಇದೆ, ಒಎನ್‌ಟಿಗೆ ಇಲ್ಲ. ಒಎನ್‌ಟಿ ಆರಿದ ಕೂಡಲೇ ಹಂಚೋಕೆ ಏನೂ ಉಳಿಯಲ್ಲ. ಅದಕ್ಕೆ 12 ವೋಲ್ಟ್‌ನ ಮಿನಿ ಯುಪಿಎಸ್ ಸಿಗುತ್ತೆ, ಅಂಗೈಯಗಲ. ಒಎನ್‌ಟಿ ಅಡಾಪ್ಟರ್ 12 ವೋಲ್ಟ್ 1 ಆಂಪ್ ಇದ್ರೆ ಎಷ್ಟೇ ತಿಂದ್ರೂ 12 ವ್ಯಾಟ್ ದಾಟಲ್ಲ. ಲ್ಯಾಪ್‌ಟಾಪ್ ಪರದೆ ಉರೀತಿದ್ರೆ ಅದರ ಎರಡರಷ್ಟು ತಿನ್ನುತ್ತೆ. ಮನೆ ಇನ್ವರ್ಟರ್ 150 ಎಎಚ್ ಬ್ಯಾಟರಿದಾದ್ರೆ ಕಾಗದದ ಮೇಲೆ 1800 ವ್ಯಾಟ್‌ಅವರ್, ಕೈಗೆ ಸಿಗೋದು ಅದಕ್ಕಿಂತ ಕಡಿಮೆ. ಫ್ಯಾನ್, ಟಿವಿ ಆಫ್ ಮಾಡಿ ಇವೆರಡನ್ನೇ ಇಟ್ರೆ ಒಂದಿಡೀ ದಿನ ತಳ್ಳಬಹುದು. ಮೂರು ದಿನ ಅಂದ್ರೆ ಜೀಪ್‌ನಲ್ಲಿ ಚಾರ್ಜ್ ಮಾಡೋದು, ಇಲ್ಲಾ ಜನರೇಟರ್.

ಈ ಲೆಕ್ಕದಲ್ಲಿ ಲ್ಯಾಪ್‌ಟಾಪ್ ರೌಟರ್‌ಗೆ ಸೋಲುತ್ತೆ, ಅದನ್ನ ಒಪ್ಪಲೇಬೇಕು.

ಪೆಂಗ್ವಿನ್ (ಪೊನ್ನಂಪೇಟೆ)

ಹಳೇ ಲ್ಯಾಪ್‌ಟಾಪ್ ಇದ್ದವರಿಗೆ ಒಂದು ಮಾತು. ಪರದೆ ಒಡೆದದ್ದು, ಕೀಬೋರ್ಡ್ ಹೋದದ್ದು ಅಟ್ಟದಲ್ಲಿದ್ರೆ ಇಳಿಸಿ, ಉಬುಂಟು (ವಿಂಡೋಸ್ ಬದಲಿಗೆ ಹಾಕುವ ಉಚಿತ ಲಿನಕ್ಸ್) ಹಾಕಿ. ವೈಫೈ ಸೆಟ್ಟಿಂಗ್ಸ್‌ನ ಮೂರು ಚುಕ್ಕಿ ಒತ್ತಿದ್ರೆ ಹಾಟ್‌ಸ್ಪಾಟ್ ಆನ್ ಮಾಡುವ ಆಯ್ಕೆ ಉಂಟು. ವಿಂಡೋಸ್ ಹಂಚುವಾಗ ತನ್ನ ವಿಳಾಸ 192.168.137.1 ಅಂತ ಇಟ್ಟುಕೊಳ್ತದೆ, ಉಬುಂಟು 10.42.0.1 ಅಂತ. ತೊಂದರೆ ಬಂದಾಗ ಫೋನ್‌ನಲ್ಲಿ ಗೇಟ್‌ವೇ (ಫೋನ್ ಇಂಟರ್‌ನೆಟ್‌ಗೆ ದಾಟುವ ಬಾಗಿಲಿನ ವಿಳಾಸ) ಇದು ಹೌದಾ ಅಂತ ನೋಡಿದ್ರೆ ಅರ್ಧ ರೋಗ ಗೊತ್ತಾಗ್ತದೆ.

ನನಗೆ ಲಿನಕ್ಸ್ ಹಿಡಿಸೋದಕ್ಕೆ ಬೇರೆ ಕಾರಣ ಉಂಟು. ಇಂಟರ್‌ನೆಟ್ ಇಲ್ಲದಿದ್ರೂ ಅದು ಹಾಟ್‌ಸ್ಪಾಟ್ ಶುರು ಮಾಡ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಕುಸಿದ ಮಳೆ ನೆನಪಿದೆಯಲ್ಲ? ಅಂಥ ಹೊತ್ತಲ್ಲಿ ಒಂದು ಮನೆಯಲ್ಲಿ ಹತ್ತಾರು ಜನ ಸೇರಿರ್ತಾರೆ, ಹೊರಗಿನ ನೆಟ್ ಇರಲ್ಲ. ಮೊದಲೇ ಇಳಿಸಿಟ್ಟ ನಕ್ಷೆ, ಫೋನ್ ನಂಬರ್ ಪಟ್ಟಿ, ಮಕ್ಕಳ ಪಾಠದ ವೀಡಿಯೊ ಇವನ್ನ ಲ್ಯಾಪ್‌ಟಾಪ್‌ನಿಂದ ಎಲ್ಲರ ಫೋನ್‌ಗೆ ಕೊಡಬಹುದು. ಇದಕ್ಕೆ ಯಾವ ಟವರೂ ಬೇಡ.

ಒಂದು ಎಚ್ಚರ. ಕಾರ್ಡ್ ಆಕ್ಸೆಸ್ ಪಾಯಿಂಟ್ ಆಗೋಕೆ ಒಪ್ತದಾ ಅಂತ ಮೊದಲೇ ನೋಡಿ. ಇಂಟೆಲ್ ಕಾರ್ಡ್‌ಗಳು ಲಿನಕ್ಸ್‌ನಲ್ಲಿ 5 ಗಿಗಾಹರ್ಟ್ಸ್‌ನಲ್ಲಿ ಹಂಚೋಕೆ ಹಟ ಮಾಡ್ತವೆ, 2.4ರಲ್ಲಿ ತಕರಾರು ಇಲ್ಲ.

ಬೆಟ್ಟದತುದಿ (ಗಾಳಿಬೀಡು)

ಇದು ಯಾರೂ ಹೇಳದ ಮಾತು. ನೆಟ್ ಇಲ್ಲದ ವೈಫೈ ಯಾಕೆ ಬೇಕು ಅಂತ ನಾನೂ ನಗ್ತಿದ್ದೆ.

ಹೋಂಸ್ಟೇ ಅಕ್ಕ (ಕಕ್ಕಬ್ಬೆ)

ನಮ್ಮಲ್ಲಿ ಬಂದು ಕೆಲಸ ಮಾಡೋ ಬೆಂಗಳೂರಿನ ಗೆಸ್ಟ್‌ಗಳು ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಹಾಟ್‌ಸ್ಪಾಟ್ ಬರಲ್ಲ ಅಂತಾರೆ. ಯಾಕೆ?

ಹಳೇ ಪೆಂಟಿಯಂ (ವಿರಾಜಪೇಟೆ)

ಕಂಪನಿಯ ಐಟಿಯವರು ಬಂದ್ ಮಾಡಿರುತ್ತಾರೆ, ಇಂಟರ್‌ನೆಟ್ ಹಂಚಿಕೆ ತಡೆಯುವ ನಿಯಮ ವಿಂಡೋಸ್‌ನಲ್ಲೇ ಇದೆ. ಮಳೆಹಂಚು ಅವರೇ, ನಿಮ್ಮದು ಕೆಲಸದ ಲ್ಯಾಪ್‌ಟಾಪ್ ಅಲ್ಲ ತಾನೇ? ಹೌದಾದರೆ ಗುಂಡಿ ನಡೆಯುತ್ತಿದ್ದರೂ ಐಟಿಯವರನ್ನು ಒಂದು ಮಾತು ಕೇಳಿ ಹಂಚಿ.

ಮಳೆಹಂಚು (ಚೆರಂಬಾಣೆ)

ಇಲ್ಲ ಸಾರ್, ನನ್ನದೇ. ಟಿವಿ ಸೇರಿತು. ರಾತ್ರಿಯೆಲ್ಲ ನಡೆಯಿತು. ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಮಕ್ಕಳು ಇಬ್ಬರು ಶಾಲೆ ವೀಡಿಯೊ ನೋಡೋಕೆ ಬರ್ತಾರೆ, ಅವರ ಫೋನೂ ಸೇರಿಸಿದೆ, ಒಟ್ಟು ಏಳಾಯ್ತು. ತಂಗಿಯ ಇಂಟರ್‌ವ್ಯೂಗೆ ಇದನ್ನೇ ನಂಬಬಹುದಾ?

ಕುಶಾಲನಗರ ಕೇಬಲ್

ತಂಗಿಯನ್ನ ಲ್ಯಾಪ್‌ಟಾಪ್ ಮುಂದೆಯೇ ಕೂರಿಸು. ಕೇಬಲ್ ಸಿಕ್ಕಿಸಿರೋ ಯಂತ್ರದಲ್ಲೇ ಇಂಟರ್‌ವ್ಯೂ ಆದ್ರೆ ಮಧ್ಯೆ ವೈಫೈ ಅನ್ನೋದೇ ಇರಲ್ಲ. ಆ ಒಂದು ಗಂಟೆ ಹಾಟ್‌ಸ್ಪಾಟ್ ಆಫ್ ಮಾಡಿ, ಮೆಣಸಿನ ರೇಟ್ ಆಮೇಲೆ ನೋಡಲಿ. ವಿಂಡೋಸ್ ಅಪ್‌ಡೇಟನ್ನ ಸದ್ಯಕ್ಕೆ ನಿಲ್ಲಿಸಿಡು (ಪಾಜ್), ಇಲ್ಲಾಂದ್ರೆ ಸರಿಯಾಗಿ ಆ ಹೊತ್ತಿಗೇ ರೀಸ್ಟಾರ್ಟ್ ಕೇಳುತ್ತೆ. ಒಎನ್‌ಟಿಯನ್ನ ಇನ್ವರ್ಟರ್ ಪ್ಲಗ್‌ಗೆ ಹಾಕು. ಗುಡುಗು ಶುರುವಾದ್ರೆ ಚಾರ್ಜರ್ ಗೋಡೆಯಿಂದ ಕಿತ್ತು ಬ್ಯಾಟರಿ ಮೇಲೆ ನಡೆಸು.

ಬೆಟ್ಟದತುದಿ (ಗಾಳಿಬೀಡು)

ಫೈಬರ್ ಗಾಜಲ್ವಾ? ಗಾಜಲ್ಲಿ ಕರೆಂಟ್ ಹರಿಯಲ್ಲ. ಮತ್ತೆ ಸಿಡಿಲು ರೌಟರ್‌ಗೆ ಬಂದದ್ದು ಎಲ್ಲಿಂದ?

ಕುಶಾಲನಗರ ಕೇಬಲ್

ಕರೆಂಟ್ ಲೈನ್‌ನಿಂದ. ಅವನೇ ಹೇಳಿದ್ನಲ್ಲ, ಮೀಟರ್ ಬೋರ್ಡ್ ಹತ್ತಿರ ಚಟ್ ಅಂತು ಅಂತ. ಹಿಂದಿನ ಟೆಲಿಫೋನ್ ತಂತಿ ಕಾಲದಲ್ಲಿ ಎರಡು ಕಡೆಯಿಂದ ಬರ್ತಿತ್ತು, ಈಗ ಒಂದು ಕಡೆ ಉಳಿದಿದೆ. ಮನೆಯ ಅರ್ಥಿಂಗ್ ಸರಿ ಇದ್ಯಾ ಒಮ್ಮೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಸರ್ಜ್ ಪ್ರೊಟೆಕ್ಟರ್ ಅಂತ ಬೋರ್ಡ್ ತಂದ್ರೂ ಅರ್ಥಿಂಗ್ ಇಲ್ಲದ ಮನೆಯಲ್ಲಿ ಅದು ಹೆಚ್ಚೇನೂ ಕಾಪಾಡಲ್ಲ. ಎಲ್ಲಕ್ಕಿಂತ ಪಕ್ಕಾ ಅಂದ್ರೆ ಪ್ಲಗ್ ಕಿತ್ತಿಡೋದು.

ಗಡಿಮನೆ (ಬಿರುನಾಣಿ)

ನಮ್ಮಲ್ಲಿ ಫೈಬರ್ ಇಲ್ಲ. ಮೇಲಿನ ಅಟ್ಟದ ಕಿಟಕಿಯಲ್ಲಿ ಫೋನ್ ಇಟ್ರೆ ಮಾತ್ರ ಎರಡು ಕಡ್ಡಿ ಬರ್ತದೆ. ಅಲ್ಲಿಂದ ಕೆಳಗೆ ಹಂಚೋಕೆ ಲ್ಯಾಪ್‌ಟಾಪ್ ಪ್ರಯೋಜನಕ್ಕೆ ಬರ್ತದಾ, ಅಥವಾ ಫೋನ್ ಹಾಟ್‌ಸ್ಪಾಟೇ ಸಾಕಾ?

ಪೆಂಗ್ವಿನ್ (ಪೊನ್ನಂಪೇಟೆ)

ಮೊದಲು ಫೋನ್ ಹಾಟ್‌ಸ್ಪಾಟನ್ನೇ 2.4ಕ್ಕೆ ಹಾಕಿ ನೋಡಿ. ಕೆಳಗಿನವರೆಗೆ ಮುಟ್ಟದಿದ್ರೆ ಫೋನನ್ನು ಕಿಟಕಿಯಲ್ಲೇ ಇಟ್ಟು, ಯುಎಸ್‌ಬಿ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಹಾಕಿ, ಫೋನ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ವಿಂಡೋಸ್‌ಗೆ ಅದು ಈಥರ್ನೆಟ್ ತರ ಕಾಣ್ತದೆ, ಅದನ್ನೇ ಹಾಟ್‌ಸ್ಪಾಟ್‌ನಲ್ಲಿ ಹಂಚಿ. ಫೋನ್ ಚಾರ್ಜೂ ಆಗ್ತಿರ್ತದೆ. ಸಾಮಾನ್ಯ ಯುಎಸ್‌ಬಿ 2 ಕೇಬಲ್ 5 ಮೀಟರ್‌ವರೆಗೆ ಸರಿ, ಅದಕ್ಕಿಂತ ಉದ್ದ ಎಳೀಬೇಡಿ. ಅಟ್ಟದ ಮೆಟ್ಟಿಲ ತಲೆಯಲ್ಲಿ ಲ್ಯಾಪ್‌ಟಾಪ್ ಇಟ್ರೆ ಕೆಳಗೆ ಸಿಗ್ನಲ್ ಇಳೀತದೆ.

ಹಂಚಿಕೊಳ್ಳುವ ಕಂಪ್ಯೂಟರ್‌ಗಳಲ್ಲಿ ಆ ವೈಫೈಯನ್ನು ಮೀಟರ್ಡ್ ಕನೆಕ್ಷನ್ ಅಂತ ಗುರುತು ಹಾಕಿ. ಇಲ್ಲಾಂದ್ರೆ ದಿನದ ಡೇಟಾ ಎಲ್ಲ ಅಪ್‌ಡೇಟ್‌ಗಳೇ ಕುಡಿದು ಮುಗಿಸ್ತವೆ.

ಗಡಿಮನೆ (ಬಿರುನಾಣಿ)

ಕೇಬಲ್ ಹುಡುಕ್ತಾ ಇದ್ದೇನೆ. ಮೆಟ್ಟಿಲ ತಲೆಯಲ್ಲಿ ಬೆಕ್ಕು ಮಲಗ್ತದೆ, ಬಿಸಿ ಲ್ಯಾಪ್‌ಟಾಪ್ ಸಿಕ್ರೆ ಅದರ ಮೇಲೇ ಹತ್ತಿ ಕೂರ್ತದೆ. ಅದಕ್ಕೆ ಸೆಟ್ಟಿಂಗ್ ಏನಾದ್ರೂ ಉಂಟಾ?

ಸೀಮೆಎಣ್ಣೆ ಲ್ಯಾಂಪು (ಸೋಮವಾರಪೇಟೆ)

ಮೀನು ಬೇರೆ ಕಡೆ ಇಡಿ.

ಮಳೆಹಂಚು (ಚೆರಂಬಾಣೆ)

ದಾರಿಯ ಮರ ತೆಗೆದ್ರು. ಇಂಟರ್‌ವ್ಯೂ ನೇರ ಕೇಬಲ್‌ನಲ್ಲೇ ಆಯ್ತು, ಎಲ್ಲೂ ಕಟ್ ಆಗ್ಲಿಲ್ಲ. ನಾಳೆ ಮಡಿಕೇರಿಗೆ ಹೋಗ್ತೇನೆ. ಕೇಬಲಣ್ಣ, ಒಎನ್‌ಟಿ ಈಗ ರೌಟರ್ ಮೋಡ್‌ನಲ್ಲಿ ಉಂಟಲ್ಲ, ಹೊಸ ರೌಟರ್‌ನಲ್ಲಿ ಮತ್ತೆ ಯೂಸರ್‌ನೇಮ್ ಪಾಸ್‌ವರ್ಡ್ ಹಾಕಬೇಕಾ?

ಕುಶಾಲನಗರ ಕೇಬಲ್

ಬೇಡ. ಹೊಸದರಲ್ಲಿ ಇಂಟರ್‌ನೆಟ್ ಬಗೆ ಡೈನಾಮಿಕ್ ಐಪಿ ಅಂತ ಆರಿಸು, ಇಲ್ಲಾ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕು. ಪಿಪಿಪಿಒಇ ಮುಟ್ಟಬೇಡ. ಒಎನ್‌ಟಿಗೂ ರೌಟರ್‌ಗೂ ಒಂದೇ ಮಿನಿ ಯುಪಿಎಸ್ ಸಾಕಾಗುತ್ತೆ, ಎರಡು ಔಟ್‌ಪುಟ್ ಇರೋದನ್ನೇ ಕೇಳಿ ತಗೋ. ಎರಡೂ ಅಡಾಪ್ಟರ್‌ನ ಆಂಪ್ ಕೂಡಿಸಿ ಬರೆದ್ಕೊಂಡು ಹೋಗು.